ಬಾಯಿ ಮುಚ್ಚಿಕೊಂಡಿರುವ ಹಕ್ಕು

ಅಮೆರಿಕದ ಸಂವಿಧಾನ ನಮ್ಮ ಎಸ್ಟೇಟಿಗೆ ಬಂದದ್ದು ಹೋಂಸ್ಟೇಯ ಕಸದ ಬುಟ್ಟಿಯಿಂದ.

ಪಾಲಿಬೆಟ್ಟದ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ನಮ್ಮ ತೋಟದಲ್ಲಿ ನಾಲ್ಕು ಬೆಳೆ: ಕಾಫಿ, ಕರಿಮೆಣಸು, ಆನೆ, ಟೂರಿಸ್ಟು. ಮೊದಲೆರಡನ್ನು ನಾವು ಕೊಯ್ಯುತ್ತೇವೆ. ಮೂರನೆಯದು ನಮ್ಮನ್ನು ತುಳಿಯುತ್ತದೆ. ನಾಲ್ಕನೆಯದು ನಮ್ಮ ಫೋಟೋ ತೆಗೆದುಕೊಂಡು ಹೋಗುತ್ತದೆ. ಹಾಗೆ ಫೋಟೋ ತೆಗೆಯಲು ಬಂದಿದ್ದ ಅಮೆರಿಕದ ಒಬ್ಬ ರಿಟೈರಾದ ಮೇಷ್ಟ್ರು ಮತ್ತು ಅವರ ಹೆಂಡತಿ ಹೊರಟುಹೋದ ಮೇಲೆ, ರೂಮಿನ ಬುಟ್ಟಿಯಲ್ಲಿ ಅರ್ಧ ಟೂತ್‌ಪೇಸ್ಟು, ಒಂಟಿ ಕಾಲುಚೀಲ ಮತ್ತು ಅಂಗೈಯಗಲದ ಒಂದು ನೀಲಿ ಪುಸ್ತಕ ಉಳಿದಿದ್ದವು. ರೂಮು ಗುಡಿಸುವವಳು ನಮ್ಮ ಲೈನಿನ, ಅಂದರೆ ಕೂಲಿಯವರ ಮನೆಸಾಲಿನ, ಸಿದ್ದಮ್ಮ. ಟೂತ್‌ಪೇಸ್ಟನ್ನು ಮನೆಗೆ ಒಯ್ದಳು. ಕಾಲುಚೀಲವನ್ನು ಬಿಸಿ ಪಾತ್ರೆ ಇಳಿಸುವ ಬಟ್ಟೆ ಮಾಡಿಕೊಂಡಳು. ಪುಸ್ತಕ ಏನು ಮಾಡುವುದೆಂದು ತಿಳಿಯದೆ, ಎಸ್ಟೇಟಿನಲ್ಲಿ ಇಂಗ್ಲಿಷು ಬರುತ್ತದೆಂದು ಹೆಸರಾಗಿದ್ದ ಏಕೈಕ ವ್ಯಕ್ತಿ ಸಣ್ಣಸ್ವಾಮಿಗೆ ಕೊಟ್ಟಳು. ಆ ಪುಸ್ತಕವನ್ನು ಅವಳು ಒಲೆಗೆ ಹಾಕಿದ್ದರೆ ಒಂದು ಹೊತ್ತಿನ ನೀರಾದರೂ ಕಾಯುತ್ತಿತ್ತು.

ಸಣ್ಣಸ್ವಾಮಿ ನಮ್ಮ ಎಸ್ಟೇಟಿನ ರೈಟರು. ರೈಟರು ಎಂದರೆ ಕಥೆ ಬರೆಯುವವನಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರ ಚೀಲ ಎಷ್ಟು ತೂಗಿತು ಎಂದು ಬರೆಯುವವನು. ಅವನ ಅಪ್ಪ ಅರಕಲಗೂಡಿನ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವನು. ಮಗನನ್ನು ಪಿಯುಸಿವರೆಗೆ ಓದಿಸಿದ. ಮಗ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದ. ಆದರೆ ಫೇಲಾಗುವಷ್ಟು ಇಂಗ್ಲಿಷು ಕಲಿತವನೂ ನಮ್ಮ ಲೈನುಗಳಲ್ಲಿ ಬೇರೆ ಇರಲಿಲ್ಲ. ಕೆಟ್ಟವನಲ್ಲ. ಕಾಯಿಲೆ ಬಿದ್ದವರಿಗೆ ಅರ್ಧ ದಿನದ ಹಾಜರಿ ಹಾಕುತ್ತಿದ್ದ. ತೋಟದ ಒಡೆಯ ಸಾವ್ಕಾರರು ಮಾತು ಮುಗಿಸುವ ಮೊದಲೇ ‘ಎಸ್ ಸಾರ್’ ಅನ್ನುವುದೊಂದೇ ಅವನ ಕಾಯಿಲೆ.

ಪುಸ್ತಕದಲ್ಲಿ ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ, ಪ್ರಜೆಗೆ ಏನೇನು ಹಕ್ಕು ಎಂದು ಮಕ್ಕಳಿಗೆ ಹೇಳುವ ಹಾಗೆ ಬರೆದಿತ್ತಂತೆ. ಸಣ್ಣಸ್ವಾಮಿ ಫೋನನ್ನು ಪುಸ್ತಕದ ಮೇಲೆ ಹಿಡಿದು, ಅದು ಕನ್ನಡ ಮಾಡಿ ತೋರಿಸಿದ್ದನ್ನು ಓದಿದ. ಒಂದೇ ವಾರದಲ್ಲಿ ಅವನ ನಡಿಗೆ ಬದಲಾಯಿತು. ನಾನು ತೋಟದ ಟ್ರ್ಯಾಕ್ಟರ್ ಓಡಿಸುವವನು, ಗೊಬ್ಬರ ಇಳಿಸುವಾಗ ಕೇಳಿದೆ, ನಮ್ಮ ದೇಶಕ್ಕೂ ಒಂದು ಸಂವಿಧಾನ ಇದೆಯಲ್ಲ ರೈಟ್ರೇ, ಅದನ್ನು ಓದಬಹುದಿತ್ತಲ್ಲ ಎಂದು.

“ನಮ್ಮದು ದಪ್ಪ ಕಣಯ್ಯ. ಇದು ಜೇಬಿಗೆ ಹಿಡಿಯುತ್ತೆ” ಅಂದ.

ನಾನು ಗೊಬ್ಬರದ ಇನ್ನೊಂದು ಚೀಲ ಇಳಿಸಿದೆ. ನಮ್ಮದನ್ನು ಯಾರೂ ನಮ್ಮ ಕಸದ ಬುಟ್ಟಿಗೂ ಹಾಕಿ ಹೋಗಿರಲಿಲ್ಲ.

ಹೊಸ ಆಡಳಿತ ಮೊದಲು ಜಾರಿಯಾದದ್ದು ಸಣ್ಣಸ್ವಾಮಿಯ ಮನೆಯಲ್ಲಿ. ಸರ್ಕಾರಕ್ಕೆ ಮೂರು ಅಂಗ ಇರಬೇಕು, ಒಂದು ಇನ್ನೊಂದರ ಜುಟ್ಟು ಹಿಡಿದಿರಬೇಕು, ಆಗ ಯಾರೂ ಸರ್ವಾಧಿಕಾರಿ ಆಗುವುದಿಲ್ಲ ಎಂದು ಹೆಂಡತಿ ಉಷಾರಾಣಿಗೆ ವಿವರಿಸಿದ. ತಾನು ಅಧ್ಯಕ್ಷ, ಕೆಲಸ ನಡೆಸುವವನು. ಉಷಾರಾಣಿ ಕಾಂಗ್ರೆಸ್ಸು, ಕಾನೂನು ಮಾಡುವವಳು. ತನ್ನ ಅವ್ವ ಸುಪ್ರೀಂ ಕೋರ್ಟು, ಸಾಯುವ ತನಕ ಕುರ್ಚಿಯಿಂದ ಇಳಿಸುವಂತಿಲ್ಲ. ಇಳಿಸುವಂತಿಲ್ಲ ಎಂಬುದನ್ನು ಕೇಳಿ ಅವ್ವ, ಇದನ್ನು ತಿಳಿದುಕೊಳ್ಳಕ್ಕೆ ಅಮೆರಿಕದವರು ಬರಬೇಕಾಯಿತೇ ಎಂದು ಎಲೆಅಡಿಕೆ ಉಗಿದು ಬಂದಳು. ಉಷಾರಾಣಿ ಅಂಗನವಾಡಿ ಸಹಾಯಕಿ, ಮಕ್ಕಳ ಮಧ್ಯೆ ಇದ್ದು ಅಭ್ಯಾಸವಾದವಳು. ಅವಳ ಕಾಂಗ್ರೆಸ್ಸು ಮಾಡಿದ ಮೊದಲ ಕಾನೂನು, ಊಟ ಮಾಡಿದ ತಟ್ಟೆಯನ್ನು ಅವರವರೇ ತೊಳೆಯತಕ್ಕದ್ದು ಎಂಬುದು. ಅಧ್ಯಕ್ಷರು ವೀಟೋ ಹಾಕಿದರು. ಆ ದಿನ ಸಾರು ಮಾಡದೆ ಕಾಂಗ್ರೆಸ್ಸು ವೀಟೋವನ್ನು ಮುರಿಯಿತು.

ಉಷಾರಾಣಿಯ ತಮ್ಮ ಚಂದ್ರು ಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಬಾಡಿಗೆ ಸಿಗದ ದಿನ ಅಕ್ಕನ ಮನೆಗೆ ಬಂದು ಮಲಗುತ್ತಾನೆ. ಒಪ್ಪಿಗೆಯಿಲ್ಲದೆ ಯಾರ ಮನೆಯಲ್ಲೂ ಸೈನಿಕರನ್ನು ಇಳಿಸುವಂತಿಲ್ಲ ಎಂಬ ಮೂರನೇ ತಿದ್ದುಪಡಿಯನ್ನು ಸಣ್ಣಸ್ವಾಮಿ ಅವನ ಮೇಲೆ ಜಾರಿ ಮಾಡಲು ನೋಡಿದ. “ಅವನು ಆಟೋದವನು ಕಣ್ಲಾ, ಮಿಲ್ಟ್ರಿಯವನಲ್ಲ” ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಚಂದ್ರು ಚಾಪೆ ಹಾಸಿದ.

ಇಷ್ಟಕ್ಕೇ ನಿಂತಿದ್ದರೆ ನಾವು ಇವತ್ತಿಗೂ ನಗುತ್ತಿದ್ದೆವು.

ಚಂದ್ರುವಿನ ಆಟೋದಲ್ಲಿ ಒಂದು ದಿನ ಸಣ್ಣಸ್ವಾಮಿ ಪೇಟೆಗೆ ಹೊರಟಿದ್ದ. ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ಕಾಗದ ಕೇಳಿದರು. ಚಂದ್ರುವಿನ ಕಾಗದಗಳೆಲ್ಲ ಸರಿಯಾಗಿದ್ದವು, ತಲೆಯ ಮೇಲಿನ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು, ಕೈ ಎತ್ತಿದರೆ ಸಿಗುತ್ತಿದ್ದವು. ಎತ್ತಿದ ಕೈಯನ್ನು ಹಿಂದಿನಿಂದ ಸಣ್ಣಸ್ವಾಮಿ ಹಿಡಿದುಕೊಂಡ. ಯಾವ ಅನುಮಾನದ ಮೇಲೆ ನಿಲ್ಲಿಸಿದಿರಿ, ವಾರಂಟ್ ಎಲ್ಲಿದೆ, ನಮ್ಮ ಹುಡುಗ ವಕೀಲರಿಲ್ಲದೆ ಒಂದಕ್ಷರ ಮಾತಾಡುವುದಿಲ್ಲ ಎಂದು ಪೊಲೀಸರಿಗೆ ಹೇಳಿದ. ಚಂದ್ರು ಮಾತಾಡಲು ಬಾಯಿ ತೆರೆದರೆ ಬಾಯಿಗೂ ಕೈ ಅಡ್ಡ ಇಟ್ಟ. ಆಟೋ ಒಂದು ವಾರ ಠಾಣೆಯ ಹಲಸಿನ ಮರದ ಕೆಳಗೆ ನಿಂತಿತ್ತು. ಬಿಡಿಸಿಕೊಂಡು ಬಂದ ದಿನ ಚಂದ್ರು, ಸೀಟಿನ ಮೇಲೆ ಬಿದ್ದಿದ್ದ ಹಲಸಿನ ಎಲೆ ಗುಡಿಸುತ್ತ, “ಭಾವ, ಇನ್ಮೇಲೆ ನೀವು ಬಸ್ಸಲ್ಲಿ ಓಡಾಡಿ” ಅಂದನಂತೆ.

ಆಮೇಲೆ ಗೇಟಿನ ತಪಾಸಣೆ. ಸಂಜೆ ಪಿಕ್ಕಿಂಗ್ ಮುಗಿಸಿ ಹೆಂಗಸರು ಗೇಟು ದಾಟುವಾಗ ಬುತ್ತಿಚೀಲ ಬಿಚ್ಚಿ ತೋರಿಸಬೇಕು, ಒಳಗೆ ಕಾಫಿ ಹಣ್ಣು, ಮೆಣಸು ಅಡಗಿಸಿಲ್ಲ ಎಂದು. ನೋಡುವ ಕೆಲಸ ರೈಟರದೇ. ಸೀರೆಯ ಮಡಿಲನ್ನೂ ಕೊಡವಿಸುವುದುಂಟು. ನನ್ನ ಅವ್ವ ಹೀಗೆ ಮಡಿಲು ಕೊಡವಿ ಕೊಡವಿಯೇ ಸತ್ತಳು. ಒಂದು ಸಂಜೆ ಸಣ್ಣಸ್ವಾಮಿ ಗೇಟಿನಲ್ಲಿ ನಿಂತು, ನಾಲ್ಕನೇ ತಿದ್ದುಪಡಿಯ ಪ್ರಕಾರ ಕಾರಣವಿಲ್ಲದೆ ಯಾರ ಚೀಲವನ್ನೂ ಮುಟ್ಟುವಂತಿಲ್ಲ, ಎಲ್ಲರೂ ಹೋಗಬಹುದು ಎಂದುಬಿಟ್ಟ. ಹೆಂಗಸರು ನಂಬಲಿಲ್ಲ. ಚೀಲ ಬಿಚ್ಚಿಕೊಂಡೇ ನಿಂತರು. ಅವನು ಕೈ ಹಿಂದೆ ಕಟ್ಟಿಕೊಂಡ. ಆಗ ಒಬ್ಬೊಬ್ಬರೇ ಚೀಲ ಮುಚ್ಚಿಕೊಂಡು, ಹಿಂದೆ ನೋಡುತ್ತ ನೋಡುತ್ತ ಗೇಟು ದಾಟಿದರು. ಆ ಸಂಜೆ ನಾನು ಸಣ್ಣಸ್ವಾಮಿಯನ್ನು ನೋಡಿ ನಗಲಿಲ್ಲ. ಅದೊಂದೇ ಸಂಜೆ.

ಮರುದಿನ ಬೆಳಿಗ್ಗೆ ಸಾವ್ಕಾರರು ಕರೆಸಿದರು. ನಮ್ಮ ಸಾವ್ಕಾರ ನಂಜಪ್ಪನವರು ಬಹಳ ಮೃದು. ಎದುರಿಗೆ ನಿಂತ ಯಾರಿಗೂ ಏಕವಚನ ಇಲ್ಲ. ಅವರು ದನಿ ಏರಿಸಿದ್ದನ್ನು ಅವರ ನಾಯಿಯೂ ಕೇಳಿಲ್ಲ. ಅಮೆರಿಕದ ಮೇಲೆ ಅವರಿಗೆ ಸಿಟ್ಟೂ ಇರಲಿಲ್ಲ. ಆ ಮೇಷ್ಟ್ರು ಹೋಂಸ್ಟೇಗೆ ಐದು ಸ್ಟಾರ್ ಕೊಟ್ಟು ಹೋಗಿದ್ದರು. ಪುಸ್ತಕವನ್ನು ತಿರುವಿ ನೋಡಿ, ಒಳ್ಳೆಯ ವಿಚಾರ, ಓದುವ ಹವ್ಯಾಸ ಬಿಡಬೇಡಿ ಅಂದರು. “ಆದ್ರೆ ಚೀಲ ನೋಡಿ, ಸಣ್ಣಸ್ವಾಮಿ.” ಮಾತು ಮುಗಿಯುವ ಮೊದಲೇ ಸಣ್ಣಸ್ವಾಮಿ ಎಸ್ ಸಾರ್ ಅಂದ.

ಸಂವಿಧಾನವನ್ನೂ ಬಿಡಬಾರದು, ಕೆಲಸವನ್ನೂ ಬಿಡಬಾರದು. ಸಣ್ಣಸ್ವಾಮಿ ದಾರಿ ಕಂಡುಕೊಂಡ. ಪ್ರತಿ ಸಂಜೆ ಗೇಟಿನ ಹತ್ತಿರ ಸ್ಟೂಲು ಹಾಕಿ ಕೂತು, ಈ ದಿನ ತಪಾಸಣೆ ಮಾಡಲು ಅನುಮತಿಸಿದೆ ಎಂದು ತಾನೇ ಒಂದು ಚೀಟಿ ಬರೆದು, ತಾನೇ ಸಹಿ ಹಾಕಿ, ತಾನೇ ಓದಿ ಹೇಳಿ, ಆಮೇಲೆ ಚೀಲ ಬಿಚ್ಚಿಸಿದ. ಮಳೆಯಾದರೂ ಚೀಟಿ ಬರೆಯುವ ತನಕ ಹೆಂಗಸರು ನೆನೆಯಬೇಕು. ವಾರಂಟು ಬಂತಾ ರೈಟ್ರೇ, ಒಲೆ ಹಚ್ಚಬೇಕು, ಬೇಗ ಬರೀರಿ ಎಂದು ಅವರೇ ಗೋಗರೆಯತೊಡಗಿದರು. ಹಕ್ಕು ಎಂದರೆ ಚೀಲ ಬಿಚ್ಚುವ ಮೊದಲು ಸ್ವಲ್ಪ ಹೊತ್ತು ನೆನೆಯುವುದು ಎಂದು ನಮ್ಮ ಲೈನಿಗೆ ಅರ್ಥವಾಯಿತು.

ಮೆಣಸು ಕೊಯ್ಲು ಮುಗಿದು ಕಣದಲ್ಲಿ ಒಣಗಿ ಮೂಟೆಯಾದ ಹೊತ್ತಿಗೆ ಸರಿಯಾಗಿ ಮೂಟೆಗಳು ಕಾಣೆಯಾದವು.

ಕಣ ಕಾಯುವವನು ಸಿದ್ದಮ್ಮನ ಗಂಡ ಕಾಳಿ. ಈ ಎಸ್ಟೇಟಿನ ಲೈನಿನಲ್ಲೇ ಹುಟ್ಟಿದವನು. ತೋಟದ ನೆರಳಿನ ಮರಗಳನ್ನು ನೆಟ್ಟವನು ಅವನ ಅಪ್ಪ. ಅವನಿಗೆ ಬೇರೆ ಊರಿಲ್ಲ, ಬೇರೆ ಮನೆಯಿಲ್ಲ. ಆಧಾರ್ ಕಾರ್ಡಿನಲ್ಲಿರುವ ವಿಳಾಸವೂ ಲೈನಿನ ಆ ಒಂದು ಕೋಣೆ. ಅದು ಹೋದರೆ ಅವನು ಎಲ್ಲಿಯವನೂ ಅಲ್ಲ. ಕಾಳಿಯ ಬಗ್ಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಎಂದರೆ ಅವನ ಬಾಯಿ. ಅದು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ನಾಯಿಯ ಜೊತೆ ಮಾತಾಡುತ್ತಾನೆ, ಮಂಗಗಳಿಗೆ ಬೈಯುತ್ತಾನೆ, ಬೇಲಿಯಾಚೆ ಆನೆ ನಿಂತಿದ್ದರೆ ‘ನಿನ್ನೆ ಆ ಕಡೆ ಇದ್ದಿ, ಇವತ್ತೇನು ಈ ಕಡೆ’ ಎಂದು ವಿಚಾರಿಸುತ್ತಾನೆ. ನನ್ನ ಟ್ರ್ಯಾಕ್ಟರ್ ಹತ್ತಿದರೆ ಎಂಜಿನ್ನಿನ ಸದ್ದಿನ ಮೇಲೆಯೇ ಅವನ ಕಥೆ.

ಮೂಟೆ ಕಾಣೆಯಾದ ಬೆಳಿಗ್ಗೆ ಕಾಳಿ ನೇರ ಸಣ್ಣಸ್ವಾಮಿಯ ಮನೆಗೆ ಹೋದ. ಅಲ್ಲಿ ನಡೆದ ಮಾತನ್ನು ಒಲೆಯ ಮುಂದೆ ಕೂತಿದ್ದ ಉಷಾರಾಣಿ ಪೂರ್ತಿ ಕೇಳಿಸಿಕೊಂಡಳು. ನನಗೆ ಹೇಳಿದ್ದು ಅವಳೇ, ಎಲ್ಲ ಮುಗಿದ ಮೇಲೆ.

“ರೈಟ್ರಯ್ಯ, ಬೆಳಕಾಗೋಕೆ ಮುಂಚೆ ಸುನಿಲಣ್ಣನ ಜೀಪು ಬಂದಿತ್ತು” ಅಂದನಂತೆ ಕಾಳಿ. “ಮಾವ ಕಳಿಸಿದಾರೆ, ಮೂಟೆ ಏರಿಸು ಅಂದ್ರು. ನಾನೂ ಕೈ ಕೊಟ್ಟೆ. ಈಗ ನೋಡಿದ್ರೆ ಸಾವ್ಕಾರ್ರು ಮೆಣಸು ಕಳುವಾಯ್ತು ಅಂತಿದಾರೆ.”

ಸುನಿಲ್ ಎಂದರೆ ಸಾವ್ಕಾರರ ತಂಗಿಯ ಮಗ. ಹೋಂಸ್ಟೇ ನೋಡಿಕೊಳ್ಳುವವನು. ಅವನಿಗೆ ಮೆಣಸು ಯಾಕೆ ಬೇಕಾಯಿತು ಎಂದು ನನಗೆ ಗೊತ್ತಿಲ್ಲ. ಯಾರೂ ಅವನನ್ನು ಕೇಳಲಿಲ್ಲವಾದ್ದರಿಂದ ಯಾರಿಗೂ ಗೊತ್ತಿಲ್ಲ.

ಸಣ್ಣಸ್ವಾಮಿ ಮೊದಲು ಬಾಗಿಲು ಹಾಕಿದ. ಆಮೇಲೆ ಕಿಟಕಿ. ಆಮೇಲೆ ಪುಸ್ತಕ ತೆಗೆದ.

ಕಾಳಿ ಸಾವ್ಕಾರರ ಹತ್ತಿರ ಹೋಗಿ ನಡೆದದ್ದು ನಡೆದ ಹಾಗೆ ಹೇಳಿಬಿಡುತ್ತೇನೆ ಅಂದ. ಅದು ಮಾತ್ರ ಕೂಡದು ಅಂದ ಸಣ್ಣಸ್ವಾಮಿ. ನೀನು ಮೂಟೆಗೆ ಕೈ ಹಾಕಿದ್ದೀಯ, ನಿನ್ನ ಮಾತನ್ನೇ ನಿನ್ನ ಮೇಲೆ ತಿರುಗಿಸುತ್ತಾರೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ಐದನೇ ತಿದ್ದುಪಡಿ. ಸುಮ್ಮನಿರುವುದು ನಿನ್ನ ಹಕ್ಕು. ಸುಮ್ಮನಿದ್ದವನನ್ನು ತಪ್ಪಿತಸ್ಥ ಅನ್ನುವ ಹಾಗೇ ಇಲ್ಲ. ಅದನ್ನು ಹೇಳುವಾಗ ಅವನು ಪುಸ್ತಕ ನೋಡುತ್ತಿದ್ದನೋ ಕಿಟಕಿ ನೋಡುತ್ತಿದ್ದನೋ ಉಷಾರಾಣಿಗೆ ಸರಿಯಾಗಿ ಕಾಣಲಿಲ್ಲವಂತೆ.

“ಗುಳಿಗನ ಮುಂದೂ ಮಾತಾಡ್ಬಾರ್ದಾ?” ಎಂದು ಕಾಳಿ ಕೇಳಿದ.

ಅದು ಸರಿಯಾದ ಪ್ರಶ್ನೆ. ನಮ್ಮಲ್ಲಿ ತೋಟದ ಸಾಮಾನು ಏನೇ ಕಳುವಾಗಲಿ, ಪೊಲೀಸರಿಗಿಂತ ಮೊದಲು ಗುಳಿಗ. ಲೈನಿನ ಹಿಂದೆ ಹಲಸಿನ ಮರದ ಬುಡದಲ್ಲಿ ಗುಳಿಗ ದೈವದ ಕಲ್ಲಿದೆ. ಲೈನಿನವರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರೇ ಕಲ್ಲಿನ ಮೇಲೆ ಕೈಯಿಟ್ಟು, ‘ನಾನು ಕದ್ದಿಲ್ಲ, ಕದ್ದವರನ್ನು ಕಂಡಿಲ್ಲ, ಸುಳ್ಳಾದರೆ ಗುಳಿಗ ನೋಡಿಕೊಳ್ಳಲಿ’ ಅನ್ನಬೇಕು. ಅಂದವನು ಕೆಲಸಕ್ಕೆ ಹೋಗುತ್ತಾನೆ. ಅನ್ನದವನು ಕಳ್ಳ. ಇದನ್ನು ಯಾರೂ ಬರೆದಿಟ್ಟಿಲ್ಲ, ತಿದ್ದುಪಡಿಯೂ ಆಗಿಲ್ಲ.

ಸಣ್ಣಸ್ವಾಮಿ ಪುಸ್ತಕದ ಕೊನೆಯ ಪುಟದವರೆಗೆ ತಿರುವಿದ. ಗುಳಿಗನ ಬಗ್ಗೆ ಅಮೆರಿಕದವರು ಏನೂ ಬರೆದಿರಲಿಲ್ಲ.

“ಯಾರ ಮುಂದೂ ಮಾತಾಡ್ಬೇಡ. ನಾನು ಹೇಳೋ ತನಕ” ಅಂದ.

ಕಾಳಿ ತಲೆಯಾಡಿಸಿದ. ದಿನವೂ ತನ್ನ ಹೆಸರು ಬರೆಯುವ ಮನುಷ್ಯನ ಮಾತು. ನಂಬದೆ ಇನ್ನೇನು.

ಗುಳಿಗನ ಕಲ್ಲಿನ ಮುಂದೆ ಎಲ್ಲ ಅಚ್ಚುಕಟ್ಟಾಗಿ ನಡೆಯಿತು. ಸಾವ್ಕಾರರು ಚಪ್ಪಲಿ ಬಿಟ್ಟು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ದೀಪ ಹಚ್ಚಿ ತೆಂಗಿನಕಾಯಿ ಒಡೆದವನು ಸುನಿಲ್. ಕಾಯಿ ಒಡೆಯುವವರು ಆಣೆ ಮಾಡಬೇಕೆಂಬ ಪದ್ಧತಿ ಇಲ್ಲ. ಸಾವ್ಕಾರರ ಬಂಗಲೆಯವರು ಆಣೆ ಮಾಡಬೇಕೆಂಬ ಪದ್ಧತಿ ಮೊದಲೇ ಇಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಅಮೆರಿಕದವರ ಹದಿನಾಲ್ಕನೇ ತಿದ್ದುಪಡಿ ಹೇಳುತ್ತದೆ ಎಂದು ಸಣ್ಣಸ್ವಾಮಿ ಹಿಂದಿನ ವಾರವಷ್ಟೇ ನನಗೆ ಹೇಳಿದ್ದ. ಅವತ್ತು ಆ ತಿದ್ದುಪಡಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ನೀಲಿ ರಟ್ಟು ಹೊರಗೆ ಕಾಣುತ್ತಿತ್ತು.

ನಾವೆಲ್ಲ ಆಣೆ ಮಾಡಿದೆವು. ಹೋದ ವರ್ಷ ಸ್ಪ್ರಿಂಕ್ಲರ್ ಪೈಪು ಮಾರಿಕೊಂಡವನೂ ಮಾಡಿದ, ಅವನ ದನಿಯೇ ಎಲ್ಲರಿಗಿಂತ ಜೋರು. ಸಣ್ಣಸ್ವಾಮಿ ಮಾಡಿದ. ‘ಕದ್ದವರನ್ನು ಕಂಡಿಲ್ಲ’ ಎಂದು ಅವನು ಹೇಳಿದ್ದು ನಿಜವೇ. ಅವನು ಕಂಡಿರಲಿಲ್ಲ, ಕೇಳಿದ್ದ ಅಷ್ಟೇ. ಸಿದ್ದಮ್ಮ ಮಾಡಿದಳು. ಕೊನೆಗೆ ಕಾಳಿ ಬಂದು ಕಲ್ಲಿನ ಮೇಲೆ ಕೈಯಿಟ್ಟ.

ಇಟ್ಟವನು ಸುಮ್ಮನೆ ನಿಂತ.

ಮೊದಲು ನಮಗೆ ಗಾಬರಿಯಾಗಲಿಲ್ಲ. ಬೇರೆಯವರು ಒಂದು ಸಾಲು ಹೇಳುವಲ್ಲಿ ಕಾಳಿ ಹತ್ತು ಹೇಳುತ್ತಾನೆ, ಎಲ್ಲಿಂದ ಶುರು ಮಾಡುವುದೆಂದು ಯೋಚಿಸುತ್ತಿರಬೇಕು ಅಂದುಕೊಂಡೆವು. ದೀಪದ ಬತ್ತಿ ಚಟಪಟ ಅಂದಿತು. ಯಾರೋ ಕೆಮ್ಮಿದರು. ಹೇಳೋ ಕಾಳಿ, ಕೆಲಸಕ್ಕೆ ಹೊತ್ತಾಯ್ತು ಎಂದು ಹಿಂದಿನಿಂದ ಒಬ್ಬ ಅಂದ. ಕಾಳಿ ಸಣ್ಣಸ್ವಾಮಿಯ ಕಡೆ ನೋಡಿದ. ಸಣ್ಣಸ್ವಾಮಿ ಯಾರಿಗೂ ಕಾಣದ ಹಾಗೆ ತಲೆಯಾಡಿಸಿದ, ಬೇಡ ಎಂದು. ನನಗೆ ಕಂಡಿತು. ಅರ್ಥವಾಗಲಿಲ್ಲ.

ಹೆಂಗಸರು ಹಿಂದೆ ಸರಿದರು. ಸಿದ್ದಮ್ಮ ಗಂಡನ ರಟ್ಟೆ ಹಿಡಿದು ಅಲ್ಲಾಡಿಸಿದಳು, ಹೇಳು, ಹೇಳು ಎಂದು. ಬಾಯಿ ಮುಚ್ಚು ಎಂದು ಇಪ್ಪತ್ತೈದು ವರ್ಷ ಬೈದವಳು.

ಸಾವ್ಕಾರರು ಚಪ್ಪಲಿ ಮೆಟ್ಟಿಕೊಂಡರು. ಗುಳಿಗನೇ ತೋರಿಸಿಕೊಟ್ಟನಲ್ಲ, ನನಗೆ ಬಹಳ ದುಃಖವಾಗುತ್ತಿದೆ ಅಂದರು. ನಿಜವಾಗಿಯೂ ದುಃಖವಾಗಿತ್ತು. ಕರ್ಚೀಪು ತೆಗೆದರು. ಸುನಿಲ್ ಎಲ್ಲರಿಗೂ ಕಾಯಿಚೂರು ಹಂಚಿದ. ಕಾಳಿಗೂ ಒಂದು ಚೂರು ಕೊಟ್ಟ.

ಠಾಣೆಗೆ ಕಾಳಿಯನ್ನು ಕರೆದುಕೊಂಡು ಹೋದ ಪೊಲೀಸ್ ಜೀಪಿನ ಹಿಂದೆ ನಾನು, ಸಣ್ಣಸ್ವಾಮಿ, ಸಿದ್ದಮ್ಮ ಬಸ್ಸಿನಲ್ಲಿ ಹೋದೆವು. ಚಂದ್ರು ತನ್ನ ಆಟೋ ಕೊಡಲಿಲ್ಲ. ದಾರಿಯುದ್ದಕ್ಕೂ ಸಣ್ಣಸ್ವಾಮಿ ನಮಗೆ ಧೈರ್ಯ ಹೇಳಿದ. ಪೊಲೀಸರು ಮೊದಲು ಅವನ ಹಕ್ಕುಗಳನ್ನು ಓದಿ ಹೇಳಬೇಕು, ವಕೀಲರನ್ನು ಕೊಡಬೇಕು, ಅಲ್ಲಿ ಎಲ್ಲ ಸರಿಹೋಗುತ್ತದೆ, ಗುಳಿಗನ ಹತ್ತಿರ ಆದದ್ದು ಸ್ಥಳೀಯ ತೊಡಕು ಅಂದ. ಸಿದ್ದಮ್ಮ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ಅವಳಿಗೆ ಅವನ ಮಾತು ಕೇಳಿಸಿತೋ ಇಲ್ಲವೋ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವನು. ಪರೀಕ್ಷೆ ಬರೆದು ಬಂದವನು, ನಯವಾಗಿ ಮಾತಾಡುವವನು. ನಮಗೆ ಬೆಂಚು ತೋರಿಸಿದ, ಚಹಾ ತರಿಸಿದ. ಸಣ್ಣಸ್ವಾಮಿ ಎದ್ದು ನಿಂತು ಪುಸ್ತಕ ತೆಗೆದು, ಬಂಧಿತನಿಗೆ ಮೌನವಾಗಿರುವ ಹಕ್ಕಿದೆ ಸಾರ್ ಅಂದ. ಇನ್ಸ್‌ಪೆಕ್ಟರ್ ಪುಸ್ತಕ ಇಸಿದುಕೊಂಡು ನೋಡಿದ.

“ಇದು ಅಮೆರಿಕದ್ದಲ್ವಾ? ನಮ್ಮದರಲ್ಲೂ ಇದೆ ರೀ ಇದು. ಇಪ್ಪತ್ತನೇ ವಿಧಿ, ಮೂರನೇ ಖಂಡ. ಇಪ್ಪತ್ತೆರಡರಲ್ಲಿ ವಕೀಲರದ್ದು. ನಮಗೆ ಪರೀಕ್ಷೆಗೆ ಬಂದಿತ್ತು. ಎರಡು ಮಾರ್ಕಿನ ಪ್ರಶ್ನೆ.”

ಸಣ್ಣಸ್ವಾಮಿಯ ಮುಖ ಅರಳಿತು. “ಹಾಗಾದ್ರೆ ಸಾರ್...”

“ಎರಡಕ್ಕೆ ಎರಡು ಬಂದಿತ್ತು” ಅಂದ ಇನ್ಸ್‌ಪೆಕ್ಟರ್. “ಚಹಾ ಕುಡೀರಿ, ಆರಿಹೋಗುತ್ತೆ.”

ಒಳಗಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಆಮೇಲೆ ಮತ್ತೆ ಆಯಿತು. ಅದು ಬೀಳುವ ಸದ್ದಲ್ಲ ಎಂದು ಎರಡನೇ ಸಲ ಗೊತ್ತಾಯಿತು. ಸಿದ್ದಮ್ಮ ಲೋಟ ಕೆಳಗಿಟ್ಟಳು. ನಾವು ಕಾದದ್ದು ಕಾಳಿಯ ಕೂಗಿಗೆ. ಕೂಗು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾನ್‌ಸ್ಟೇಬಲ್ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, ಇಂಥವನನ್ನು ತನ್ನ ಸರ್ವೀಸಿನಲ್ಲೇ ನೋಡಿಲ್ಲ ಸಾರ್, ಹೆಸರು ಕೇಳಿದರೂ ಹೇಳುತ್ತಿಲ್ಲ, ಅಮ್ಮಾ ಅಂತಲೂ ಅನ್ನುತ್ತಿಲ್ಲ ಎಂದು ದೂರಿದ. ಗಟ್ಟಿ ಕಳ್ಳ ಇರಬೇಕು ಅಂದ ಇನ್ಸ್‌ಪೆಕ್ಟರ್.

ನಾನು ಸಣ್ಣಸ್ವಾಮಿಯ ಕೊರಳಪಟ್ಟಿ ಹಿಡಿದು, ನೀನೇನಾದರೂ ಹೇಳಿಕೊಟ್ಟಿದ್ದೀಯಾ ಅವನಿಗೆ ಎಂದು ಕೇಳಿದೆ. ಠಾಣೆಯೊಳಗೆ ಗಲಾಟೆ ಮಾಡಬಾರದೆಂದು ನನ್ನನ್ನು ಹೊರಗೆ ಹಾಕಿದರು. ಅಲ್ಲಿ ಗಲಾಟೆ ಮಾಡುತ್ತಿದ್ದವನು ನಾನೊಬ್ಬನೇ ನೋಡಿ.

ಮರುದಿನ ಬಂಗಲೆಯ ಜಗಲಿಗೆ ಸಣ್ಣಸ್ವಾಮಿಗೆ ಕರೆ ಬಂತು. ನಾನು ಮೆಟ್ಟಿಲ ಕೆಳಗೆ ಜನರೇಟರಿಗೆ ಡೀಸೆಲ್ ಹಾಕುತ್ತಿದ್ದೆ. ಸಾವ್ಕಾರರು ಬೆತ್ತದ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಸುನಿಲ್ ಕಿತ್ತಳೆ ಸುಲಿಯುತ್ತಿದ್ದ. ಸಿಪ್ಪೆಯನ್ನು ತುಂಡಾಗದ ಹಾಗೆ ಒಂದೇ ಉದ್ದಕ್ಕೆ ತೆಗೆಯುತ್ತಿದ್ದ.

ಕಾಳಿಯ ಅಪ್ಪನ ಕಾಲದಿಂದ ನಮಗೂ ಅವರಿಗೂ ಸಂಬಂಧ, ಜೈಲಿಗೆ ಕಳಿಸಲು ನನಗೆ ಮನಸ್ಸಿಲ್ಲ ಎಂದು ಸಾವ್ಕಾರರು ಶುರು ಮಾಡಿದರು. ಕಷ್ಟ ಸುಖಕ್ಕೆಲ್ಲ ಅವನು ನಿಮ್ಮ ಹತ್ತಿರವೇ ಬರುತ್ತಾನೆಂದು ಕೇಳಿದ್ದೇನೆ ಅಂದರು.

“ಸಣ್ಣಸ್ವಾಮಿ, ಅವನು ನಿಮಗೆ ಏನಾದ್ರೂ ಹೇಳಿದ್ನಾ? ಬೇರೆ ಯಾರದಾದ್ರೂ ಹೆಸರು? ನೀವು ಹೇಳಿದ್ರೆ ನಾನು ನಂಬ್ತೀನಿ.”

ಸುನಿಲನ ಕೈ ನಿಂತಿತು. ಸಿಪ್ಪೆ ನೇತಾಡುತ್ತಿತ್ತು.

ನಾನು ಡೀಸೆಲ್ ಕ್ಯಾನು ನೆಲಕ್ಕಿಟ್ಟೆ. ಹೇಳು ಅಂದುಕೊಂಡೆ. ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅವನ ಹತ್ತಿರ ಏನೋ ಇದೆ ಎಂದು ಮಾತ್ರ ಗೊತ್ತಿತ್ತು. ಸಣ್ಣಸ್ವಾಮಿ ಬಾಯಿ ತೆರೆದ. ಸಾವ್ಕಾರರು ಮಾತು ಮುಗಿಸಿದ ಮೇಲೂ ಅವನು ಎಸ್ ಸಾರ್ ಅನ್ನದೇ ಇದ್ದದ್ದು ಅದೇ ಮೊದಲು. ಅವನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು, ಪುಸ್ತಕ ಇದೆಯೇ ಎಂದು ನೋಡಿಕೊಳ್ಳುವ ಹಾಗೆ. ಪುಸ್ತಕ ಇತ್ತು. ಅದರೊಳಗೆ ಐದನೇ ತಿದ್ದುಪಡಿಯೂ ಇತ್ತು.

ಸಣ್ಣಸ್ವಾಮಿ ಬಾಯಿ ಮುಚ್ಚಿಕೊಂಡ.

ಸಾವ್ಕಾರರು ಸ್ವಲ್ಪ ಹೊತ್ತು ಕಾದು, ಎದ್ದು ಬಂದು ಅವನ ಹೆಗಲು ತಟ್ಟಿದರು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಒಬ್ಬನ ಮೇಲೆ ಕೆಟ್ಟದ್ದು ಹೇಳಲು ನಿಮಗೆ ಬಾಯಿ ಬರುವುದಿಲ್ಲ, ದೊಡ್ಡ ಗುಣ ಅಂದರು. ಸುನಿಲ್ ಕಿತ್ತಳೆಯ ಎರಡು ತೊಳೆ ಬಿಡಿಸಿ ಸಣ್ಣಸ್ವಾಮಿಗೆ ಕೊಟ್ಟ. ಸಣ್ಣಸ್ವಾಮಿ ತಿಂದ.

ಗುಳಿಗನ ಮುಂದೆ ಸುಮ್ಮನಿದ್ದವನು ಕಳ್ಳನಾದ, ಬಂಗಲೆಯ ಮುಂದೆ ಸುಮ್ಮನಿದ್ದವನು ದೊಡ್ಡ ಮನುಷ್ಯನಾದ. ಅಮೆರಿಕದ ಸಂವಿಧಾನ ನಮ್ಮ ಎಸ್ಟೇಟಿನಲ್ಲಿ ಪೂರ್ತಿಯಾಗಿ ಕೆಲಸ ಮಾಡಿದ್ದು ಆ ಜಗಲಿಯ ಮೇಲೆ, ಅದೊಂದೇ ಸಲ.

ಸಾವ್ಕಾರರು ದೊಡ್ಡ ಮನಸ್ಸು ಮಾಡಿ ದೂರು ವಾಪಸ್ ತೆಗೆದುಕೊಂಡರು. ಕೇಸಿಲ್ಲ, ಜೈಲಿಲ್ಲ, ಲೈನಿನ ಕೋಣೆ ಮಾತ್ರ ಖಾಲಿ ಮಾಡಬೇಕು. ಸಾಮಾನು ರಸ್ತೆಯವರೆಗೆ ಬಿಟ್ಟುಬರಲು ಟ್ರ್ಯಾಕ್ಟರನ್ನೂ ಅವರೇ ಕೊಟ್ಟರು. ಡೀಸೆಲ್ ಎಸ್ಟೇಟಿನದೇ.

ನಾನೇ ಓಡಿಸಿದೆ. ಎರಡು ತಟ್ಟಿನ ಚೀಲ, ಪಾತ್ರೆ, ಕಟ್ಟಿಹಾಕಿದ ಕೋಳಿಗಳು, ಒಂದು ಗೋಡೆ ಕ್ಯಾಲೆಂಡರು. ಕಾಳಿ ಟ್ರೇಲರಿನಲ್ಲಿ ಚೀಲದ ಮೇಲೆ ಕೂತ. ಎಡಗೈ ಬಟ್ಟೆಯಲ್ಲಿ ಕಟ್ಟಿತ್ತು. ಎಲ್ಲಿಗೆ ಹೋಗ್ತೀರಿ ಎಂದು ಕೇಳಿದೆ. ಸಿದ್ದಮ್ಮ, ಬಿಟ್ಟಂಗಾಲದ ಕಡೆ ಯಾವುದೋ ತೋಟದಲ್ಲಿ ಆಳು ಬೇಕಂತೆ, ಕಳ್ಳರು ಅಂತ ಅಲ್ಲಿಗೆ ಸುದ್ದಿ ಹೋಗುವ ಮೊದಲು ಸೇರಿಕೊಳ್ಳಬೇಕು ಅಂದಳು. ಕಾಳಿಯನ್ನೇ ಕೇಳಿದೆ, ಏನಾಯ್ತು ಹೇಳೋ, ನನಗಾದರೂ ಹೇಳು ಎಂದು. ಅವನು ನನ್ನ ಮುಖ ನೋಡಿದ. ತುಟಿ ಬಿಗಿಹಿಡಿದುಕೊಂಡ, ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ. ಅವನು ನೆಟ್ಟ ಬೇಲಿ, ಅವನ ಅಪ್ಪ ನೆಟ್ಟ ಮರಗಳು ಹಿಂದಕ್ಕೆ ಹೋದವು. ಒಂದಕ್ಕೂ ಅವನು ಏನೂ ಹೇಳಲಿಲ್ಲ. ಅವನ ನಾಯಿ ಹಿಂದೆ ಓಡಿಬಂತು. ಅದಕ್ಕೂ ಹೇಳಲಿಲ್ಲ.

ಸಣ್ಣಸ್ವಾಮಿಯ ಮನೆಯ ಮುಂದೆ ಬಂದಾಗ ಕಾಳಿ ಹೆಂಡತಿಯ ಭುಜ ಮುಟ್ಟಿ ಕೈಸನ್ನೆ ಮಾಡಿದ. ನಿಲ್ಲಿಸಣ್ಣ, ಒಂದು ಮಾತು ಕೇಳಿ ಬರ್ತೀನಿ ಎಂದು ಸಿದ್ದಮ್ಮ ಇಳಿದಳು. ನಾನು ಎಂಜಿನ್ ಆಫ್ ಮಾಡಿದೆ.

ಸಣ್ಣಸ್ವಾಮಿ ಬಾಗಿಲಿಗೆ ಬಂದ. ಹಿಂದೆ ಉಷಾರಾಣಿ. ಒಳಗೆಲ್ಲೋ ಸುಪ್ರೀಂ ಕೋರ್ಟು ಕೆಮ್ಮುತ್ತಿತ್ತು. ಸಿದ್ದಮ್ಮ ಬೈಯಲು ಹೋಗಿದ್ದಾಳೆ ಅಂದುಕೊಂಡೆ. ಬೈಯಲಿ ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು, ಹಾಜರಿ ಕೂಗುವಾಗ ನಿಲ್ಲುವ ಹಾಗೆ ನಿಂತಳು.

“ರೈಟ್ರಯ್ಯ, ನೀವು ಹೇಳೋ ತನಕ ಮಾತಾಡ್ಬಾರ್ದು ಅಂದಿದ್ರಂತೆ” ಅಂದಳು. “ಅದು ಮಾತ್ರ ನನ್ನ ಕಿವೀಲಿ ಹೇಳ್ದ. ಈಗ ಮಾತಾಡಬಹುದಾ ಅಂತ ಕೇಳ್ತಾ ಇದಾನೆ.”

ಸಣ್ಣಸ್ವಾಮಿ ಟ್ರೇಲರಿನ ಕಡೆ ನೋಡಿದ. ಕಾಳಿ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದ. ಆಮೇಲೆ ಸಣ್ಣಸ್ವಾಮಿ ಮರಗಳ ಮೇಲಿಂದ ಕಾಣುವ ಬಂಗಲೆಯ ಹೆಂಚನ್ನು ನೋಡಿದ.

“ಹೇಳ್ರೀ” ಅಂದಳು ಉಷಾರಾಣಿ. “ಕೇಳ್ತಿದಾಳಲ್ಲ.”

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. ಉಷಾರಾಣಿ ಒಳಗೆ ಹೋದಳು. ಸಿದ್ದಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನಿಗೆ ಕೈಮುಗಿದು ಬಂದು ಟ್ರೇಲರ್ ಹತ್ತಿದಳು.

ಏನಂದ್ರು ಎಂದು ಕಾಳಿ ಹುಬ್ಬಿನಲ್ಲೇ ಕೇಳಿದ.

“ಇನ್ನೂ ಇಲ್ವಂತೆ” ಅಂದಳು ಸಿದ್ದಮ್ಮ.